ಪ್ರಯರ್: ಹಳೆಯ ತೀರ್ಪು ಹೊಸ ಕೇಸಿಗೆ ಕೂಡುವುದು ಹೇಗೆ?

ಅಮೆರಿಕದಲ್ಲಿ ಕ್ರಿಮಿನಲ್ ಕೇಸು ಹಿಡಿದ ವಕೀಲರು ಶುರುವಿನಲ್ಲೇ ಕೇಳುವ ಪ್ರಶ್ನೆ: ‘ಪ್ರಯರ್ ಇದೆಯಾ?’ ಹಿಂದೆ ಯಾವುದಾದರೂ ಕೇಸಿನಲ್ಲಿ ತಪ್ಪಿತಸ್ಥ ಎಂದು ತೀರ್ಪಾಗಿದೆಯಾ ಎಂದು ಅರ್ಥ. ಬರೀ ಅರೆಸ್ಟ್ ಆಗಿದ್ದರೆ ಅದು ಪ್ರಯರ್ ಅಲ್ಲ. ಕೇಸು ವಜಾ ಆಗಿದ್ದರೂ ಅಲ್ಲ. ಕೋರ್ಟ್ ತಪ್ಪಿತಸ್ಥ ಎಂದಿರಬೇಕು, ಇಲ್ಲವೇ ಆರೋಪಿಯೇ ತಪ್ಪು ಒಪ್ಪಿಕೊಂಡಿರಬೇಕು. ಒಂದು ದಿನವೂ ಜೈಲಿನಲ್ಲಿರದೆ ಪ್ರೊಬೇಷನ್ ಮೇಲೆ, ಅಂದರೆ ಕೋರ್ಟಿನ ಷರತ್ತು ಪಾಲಿಸಬೇಕೆಂಬ ಒಪ್ಪಂದದ ಮೇಲೆ, ಮನೆಗೆ ಹೋಗಿದ್ದರೂ ಅದು ಪ್ರಯರೇ. ಕೌಟುಂಬಿಕ ದೌರ್ಜನ್ಯದ ಕೇಸುಗಳಲ್ಲಿ, ಅದರಲ್ಲೂ ಸಲಿಂಗ ಜೋಡಿಗಳ ಕೇಸುಗಳಲ್ಲಿ, ಈ ಪ್ರಯರ್ ಏನು ಮಾಡುತ್ತದೆ ಎಂಬುದು ಇಲ್ಲಿನ ಮಾತು.

ನಮ್ಮಲ್ಲೂ ಇಂಥ ಲೆಕ್ಕ ಇದೆ. ಕಳ್ಳತನದಂಥ ಕೆಲವು ಅಪರಾಧಗಳಲ್ಲಿ ಎರಡನೇ ಸಲ ಸಿಕ್ಕಿಬಿದ್ದವರ ಶಿಕ್ಷೆ ಏರಿಸಲು ಐಪಿಸಿಯ 75ನೇ ಕಲಂ ಇತ್ತು. ಈಗ ಅದೇ ಭಾರತೀಯ ನ್ಯಾಯ ಸಂಹಿತೆಯ 13ನೇ ಕಲಂ. ಆದರೆ ಗಂಡ, ಗಂಡನ ಮನೆಯವರ ಕ್ರೌರ್ಯಕ್ಕೆ ಹಾಕುತ್ತಿದ್ದ 498ಎ ಕೇಸಿಗೆ ಅದು ತಗಲುತ್ತಿರಲಿಲ್ಲ. ಅಮೆರಿಕದ ಅನೇಕ ರಾಜ್ಯಗಳಲ್ಲಿ ಕೌಟುಂಬಿಕ ದೌರ್ಜನ್ಯಕ್ಕೇ ಇಂಥ ಏಣಿ ಇದೆ.

ಕ್ಯಾಲಿಫೋರ್ನಿಯಾ ನೋಡಿ. ಸಂಗಾತಿಗೆ ಗಾಯವಾಗುವಂತೆ ಹೊಡೆದರೆ ಅಲ್ಲಿ ದಂಡ ಸಂಹಿತೆಯ 273.5ನೇ ಕಲಂ ಬೀಳುತ್ತದೆ. ಇದನ್ನು ಮಿಸ್‌ಡಿಮೀನರ್ ಎನ್ನುವ ಚಿಕ್ಕ ಅಪರಾಧವಾಗಿಯೂ ಹಾಕಬಹುದು, ಫೆಲನಿ ಎನ್ನುವ ದೊಡ್ಡ ಅಪರಾಧವಾಗಿಯೂ ಹಾಕಬಹುದು. ಮೊದಲ ತೀರ್ಮಾನ ಪ್ರಾಸಿಕ್ಯೂಟರ್, ಅಂದರೆ ಸರ್ಕಾರದ ಪರ ವಕೀಲರ ಕೈಯಲ್ಲಿ. ಪ್ರಯರ್ ತನ್ನ ಕೆಲಸ ಶುರುಮಾಡುವುದೇ ಇಲ್ಲಿ. ಫೆಲನಿಯಾದರೆ 2, 3 ಇಲ್ಲವೇ 4 ವರ್ಷ ಜೈಲು. ಹಿಂದಿನ 7 ವರ್ಷಗಳಲ್ಲಿ ಇದೇ ಕಲಂನಡಿ ತೀರ್ಪಾಗಿದ್ದರೆ ಅದು 2, 4 ಇಲ್ಲವೇ 5 ವರ್ಷಕ್ಕೆ ಏರುತ್ತದೆ. ದಂಡದ ಮಿತಿ 6,000 ಡಾಲರ್‌ನಿಂದ 10,000ಕ್ಕೆ ಹೋಗುತ್ತದೆ.

ಇನ್ನೊಂದಿದೆ, ನನಗೆ ಇದೇ ಜಾಸ್ತಿ ಗಂಭೀರ ಅನಿಸುತ್ತದೆ. ‘ಹಿಂದೆ ಹೊಡೆದಿದ್ದ, ಹಾಗಾಗಿ ಈಗಲೂ ಹೊಡೆದಿರಬೇಕು’ ಎಂದು ಬೇರೆ ಕೇಸುಗಳಲ್ಲಿ ಸಾಮಾನ್ಯವಾಗಿ ಜ್ಯೂರಿಯ ಮುಂದೆ ವಾದಿಸುವಂತಿಲ್ಲ. ಕೌಟುಂಬಿಕ ದೌರ್ಜನ್ಯದಲ್ಲಿ ವಾದಿಸಬಹುದು. ಅಲ್ಲಿನ ಸಾಕ್ಷ್ಯ ಕಾಯ್ದೆಯ 1109ನೇ ಕಲಂ ಅದಕ್ಕೆ ದಾರಿ ಬಿಡುತ್ತದೆ. ಕೇಸೇ ದಾಖಲಾಗದ ಹಳೆಯ ಘಟನೆಯನ್ನೂ ತರಬಹುದು. ಬೇಕೋ ಬೇಡವೋ ಎಂದು ಜಡ್ಜ್ ತೂಗಿ ನೋಡುತ್ತಾರೆ. 10 ವರ್ಷಕ್ಕಿಂತ ಹಳೆಯದಾದರೆ ಸಾಮಾನ್ಯವಾಗಿ ಬಿಡುವುದಿಲ್ಲ.

ಇದೆಲ್ಲ ಗಂಡು–ಹೆಣ್ಣಿನ ಜೋಡಿಗೂ ಒಂದೇ, ಸಲಿಂಗ ಜೋಡಿಗೂ ಒಂದೇ. ಮತ್ತೆ ಸಲಿಂಗ ಜೋಡಿಗಳ ಮಾತು ಬೇರೆ ಯಾಕೆ ಅಂದರೆ, ಪ್ರಯರ್ ಲೆಕ್ಕ ನಿಲ್ಲುವುದು ಹಳೆಯ ಕಾಗದದ ಮೇಲೆ. ಆ ಕಾಗದ ಬರೆದ ಹೊತ್ತಿಗೆ ಇವರಿಬ್ಬರನ್ನು ಜೋಡಿ ಎಂದು ಕಾನೂನು ಒಪ್ಪಿಯೇ ಇರಲಿಲ್ಲ ಅನ್ನಿ. ಆಗ ಎಷ್ಟು ಸಲ ಹೊಡೆದಿದ್ದರೂ ಕೌಟುಂಬಿಕ ದೌರ್ಜನ್ಯದ ಪ್ರಯರ್ ಹುಟ್ಟುವುದೇ ಇಲ್ಲ.

ಸೌತ್ ಕ್ಯಾರೊಲೈನಾದಲ್ಲಿ ಆದದ್ದು ಇದೇ. ಅಲ್ಲಿ 10 ವರ್ಷದೊಳಗೆ ಒಂದು ಪ್ರಯರ್ ಇದ್ದರೆ ಎರಡನೇ ದರ್ಜೆಯ ಅಪರಾಧ, 3 ವರ್ಷದವರೆಗೆ ಜೈಲು. ಎರಡು ಪ್ರಯರ್ ಇದ್ದರೆ ಮೊದಲ ದರ್ಜೆ, 10 ವರ್ಷದವರೆಗೆ. ಆದರೆ ‘ಮನೆಯ ಸದಸ್ಯ’ ಎಂಬುದಕ್ಕೆ 1994ರಲ್ಲಿ ಹೊಸ ಅರ್ಥ ಬರೆದರು. ಮದುವೆಯಾಗದೆ ಜೊತೆಗಿರುವವರು ಎಂದರೆ ‘ಒಬ್ಬ ಗಂಡು ಮತ್ತು ಒಬ್ಬಳು ಹೆಣ್ಣು’ ಎಂದಾಯಿತು. ಸಲಿಂಗ ಮದುವೆಯಂತೂ ಆಗ ಇರಲೇ ಇಲ್ಲ. ಹಾಗಾಗಿ ಜೊತೆಗಿದ್ದ ಹೆಂಗಸು ಇನ್ನೊಬ್ಬ ಹೆಂಗಸನ್ನು ಹೊಡೆದರೆ ಅದು ಬೀದಿಯಲ್ಲಿ ಯಾರೋ ಯಾರಿಗೋ ಹೊಡೆದಂಥ ಸಾದಾ ಹಲ್ಲೆ. ತನ್ನ ಹಿಂದಿನ ಸಂಗಾತಿಯಿಂದ ರಕ್ಷಣೆ ಕೇಳಿ ಹೋದ ಒಬ್ಬ ಮಹಿಳೆಗೆ ಇದೇ ಕಾರಣಕ್ಕೆ ಆದೇಶ ಸಿಗಲಿಲ್ಲ. 2017ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್, ಆಕೆಯ ಕೇಸಿನಲ್ಲಿ ಹೀಗೆ ಹೊರಗಿಡುವುದು ಸಂವಿಧಾನಕ್ಕೆ ವಿರುದ್ಧ ಎಂದಿತು.

ಒಹಾಯೊದ ಕಥೆ ಇನ್ನೂ ವಿಚಿತ್ರ. ಅಲ್ಲಿ ಮೊದಲ ಸಲ ಹೊಡೆದರೆ ಸಾಮಾನ್ಯವಾಗಿ ಮಿಸ್‌ಡಿಮೀನರ್, 180 ದಿನದವರೆಗೆ ಜೈಲು. ಒಂದು ಪ್ರಯರ್ ಇದ್ದರೆ ಫೆಲನಿ. ಎರಡಿದ್ದರೆ ಅದಕ್ಕಿಂತ ಮೇಲಿನ ಫೆಲನಿ. 2004ರಲ್ಲಿ ಸಲಿಂಗ ಮದುವೆ ತಡೆಯಲು ರಾಜ್ಯದ ಸಂವಿಧಾನಕ್ಕೆ ತಿದ್ದುಪಡಿ ತಂದರು. ಮದುವೆಯಾಗದ ಯಾವ ಜೋಡಿಗೂ ಮದುವೆಯಂಥ ಸ್ಥಾನ ಕೊಡಬಾರದು ಎಂಬ ಸಾಲು ಅದರಲ್ಲಿತ್ತು. ಜೊತೆಗಿದ್ದ ಗೆಳತಿಯನ್ನು ಹೊಡೆದ ಗಂಡಸರು ಇದನ್ನೇ ಹಿಡಿದುಕೊಂಡರು. ‘ನಮ್ಮದು ಮದುವೆಯಲ್ಲ, ಹಾಗಾಗಿ ಇದು ಕೌಟುಂಬಿಕ ದೌರ್ಜನ್ಯವೂ ಅಲ್ಲ’ ಎಂದರು. 2005ರಲ್ಲಿ ಕ್ಲೀವ್‌ಲ್ಯಾಂಡಿನ ಒಬ್ಬ ಜಡ್ಜ್ ಇದನ್ನು ಒಪ್ಪಿ ಫೆಲನಿಯನ್ನು ಸಾದಾ ಹಲ್ಲೆಗೆ ಇಳಿಸಿದರು. ಕಾರ್ಸ್‌ವೆಲ್ ಕೇಸಿನಲ್ಲಿ ಒಹಾಯೊ ಸುಪ್ರೀಂ ಕೋರ್ಟ್ ಈ ವಾದವನ್ನು ತಳ್ಳಿಹಾಕಿದ್ದು 2007ರಲ್ಲಿ.

ಹಾಗಂತ ಸಾದಾ ಹಲ್ಲೆ ಎಂದು ಬರೆದಿದ್ದರೆ ಪಾರಾದೆ ಅಂದುಕೊಳ್ಳುವಂತಿಲ್ಲ. ಒಹಾಯೊದಲ್ಲಿ ಏಟು ತಿಂದವರು ಮನೆಯವರೇ ಆಗಿದ್ದರೆ ಹಲ್ಲೆಯ ತೀರ್ಪೂ ಎಣಿಕೆಗೆ ಬರುತ್ತದೆ. ಕೌಟುಂಬಿಕ ದೌರ್ಜನ್ಯದ ಚಿಕ್ಕ ಅಪರಾಧ ಮಾಡಿದವರೂ ಬಂದೂಕು ಇಟ್ಟುಕೊಳ್ಳುವಂತಿಲ್ಲ ಎಂಬ 1996ರ ಫೆಡರಲ್ ಕಾನೂನಿನಲ್ಲೂ ಹಾಗೇ. ಹಳೆಯ ಕಲಂನಲ್ಲಿ ಸಂಬಂಧದ ಮಾತು ಇರಬೇಕಿಲ್ಲ, ನಿಜಕ್ಕೂ ಸಂಬಂಧ ಇತ್ತು ಎಂದು ಸಾಬೀತಾದರೆ ಸಾಕು. ಅಮೆರಿಕದ ಸುಪ್ರೀಂ ಕೋರ್ಟಿನ 2009ರ ಹೇಯ್ಸ್ ತೀರ್ಪು ಹೇಳಿದ್ದು ಇದನ್ನೇ. ಬೇರೆ ಬೇರೆ ಮನೆಯಲ್ಲಿದ್ದು ಓಡಾಡಿಕೊಂಡಿದ್ದ ಜೋಡಿಗಳು ಈ ನಿಷೇಧದೊಳಗೆ ಬಂದದ್ದು 2022ರಲ್ಲಿ.

ಇನ್ನು ತಪ್ಪು ಮನುಷ್ಯನ ಮೇಲೆ ಬೀಳುವ ಪ್ರಯರ್. ಮನೆಗೆ ಬಂದ ಪೊಲೀಸರಿಗೆ ಇಬ್ಬರು ಗಂಡಸರು ಕಾಣುತ್ತಾರೆ, ಇಬ್ಬರ ಮೈಮೇಲೂ ತರಚು. ಯಾರು ಹೊಡೆದವರು? ಎತ್ತರ, ಮೈಕಟ್ಟು ನೋಡಿ ಊಹಿಸುವುದೂ ಉಂಟು, ಸುಮ್ನೆ ಇಬ್ಬರನ್ನೂ ಕರೆದೊಯ್ಯುವುದೂ ಉಂಟು. ಸಲಿಂಗ ಜೋಡಿಗಳಲ್ಲಿ ಹೀಗೆ ಇಬ್ಬರನ್ನೂ ಅರೆಸ್ಟ್ ಮಾಡುವುದು ಹಲವು ಪಟ್ಟು ಜಾಸ್ತಿ ಎಂದು ಅಧ್ಯಯನಗಳಲ್ಲಿ ಕಂಡುಬಂದಿದೆ. ವರ್ಷಗಟ್ಟಲೆ ಏಟು ತಿಂದು ಒಂದು ದಿನ ತಿರುಗಿ ಹೊಡೆದವರು, ಬೇಗ ಮನೆಗೆ ಹೋದರೆ ಸಾಕು ಎಂದು ತಪ್ಪು ಒಪ್ಪಿಕೊಂಡುಬಿಡುತ್ತಾರೆ. ಮುಂದಿನ ಜಗಳದಲ್ಲಿ ದಾಖಲೆ ಇರುವುದು ಇವರ ಮೇಲೆ. ಯಾರು ಮುಖ್ಯ ಆಕ್ರಮಣಕಾರ ಎಂದು ಗುರುತಿಸುವಾಗ ಅವರಿಬ್ಬರ ನಡುವಿನ ಹಳೆಯ ಹಿಂಸೆಯನ್ನೂ, ಯಾರಾದರೂ ತಮ್ಮನ್ನು ಕಾಪಾಡಿಕೊಳ್ಳಲು ಹೊಡೆದರೇ ಎಂಬುದನ್ನೂ ಗಮನಿಸಬೇಕು ಎಂದು ಕ್ಯಾಲಿಫೋರ್ನಿಯಾದ ಕಾನೂನು ಪೊಲೀಸರಿಗೆ ಹೇಳುತ್ತದೆ. ಆದರೆ ಹಿಂದಿನ ಸಲ ತಪ್ಪಾಗಿ ಬರೆದಿದ್ದರೆ ಆ ಹಳೆಯ ಕಥೆಯೂ ತಲೆಕೆಳಗೇ ಓದಿಸಿಕೊಳ್ಳುತ್ತದೆ ಅಲ್ವಾ?

ಅಮೆರಿಕದಲ್ಲಿ ಎಚ್‌–1ಬಿ, ಗ್ರೀನ್ ಕಾರ್ಡ್ ಮೇಲಿರುವ ಕನ್ನಡಿಗರಿಗೆ ಒಂದು ಮಾತು. ನಾಗರಿಕರಲ್ಲದವರಿಗೆ ಎರಡನೇ ಕೇಸಿನವರೆಗೂ ಕಾಯಬೇಕಿಲ್ಲ. ಹಿಂಸೆಯ ಅಪರಾಧ ಎನಿಸಿಕೊಳ್ಳುವ ಕೌಟುಂಬಿಕ ದೌರ್ಜನ್ಯದ ಒಂದೇ ತೀರ್ಪು ಗಡೀಪಾರಿಗೆ ಸಾಕು. ಸಲಿಂಗ ದಂಪತಿಗೂ ಇದೇ ನಿಯಮ. ತಪ್ಪು ಒಪ್ಪಿಕೊಂಡು, ಕೌನ್ಸೆಲಿಂಗ್ ಮುಗಿಸಿ, ರಾಜ್ಯದ ಕೋರ್ಟ್ ಕೇಸನ್ನು ಅಳಿಸಿದ್ದರೂ ಇಮಿಗ್ರೇಷನ್ ಕಾನೂನು ಅದನ್ನು ತೀರ್ಪು ಎಂದೇ ಎಣಿಸಬಹುದು. ಒಪ್ಪಿಕೊಂಡರೆ ಗಡೀಪಾರಿನ ಅಪಾಯ ಇದೆಯೇ ಎಂದು ಕ್ರಿಮಿನಲ್ ವಕೀಲರು ತಮ್ಮ ಕಕ್ಷಿದಾರರಿಗೆ ತಿಳಿಸಲೇಬೇಕು. ಅಮೆರಿಕದ ಸುಪ್ರೀಂ ಕೋರ್ಟ್ ಇದನ್ನು 2010ರ ಪಡಿಲ್ಲಾ ಕೇಸಿನಲ್ಲಿ ಹೇಳಿದೆ. ಸಹಿ ಹಾಕುವ ಮೊದಲು ಕೇಳಿ.