ಐಟಿಐ ಪಾಸಾದ ಎಲೆಕ್ಟ್ರಿಷಿಯನ್ ಇದ್ದರೂ ಲೈಸೆನ್ಸ್ ಬೇಕಾ?

ಪ್ರಶ್ನೆ: ಹೊಸ ಮನೆಗೆ ವೈರಿಂಗ್ ಶುರುವಾಗಿದೆ. ನಮ್ಮ ಎಲೆಕ್ಟ್ರಿಷಿಯನ್ ಐಟಿಐ ಮಾಡಿದವರು, ಅನುಭವವೂ ಇದೆ. ಮತ್ತೆ ಲೈಸೆನ್ಸ್ ಇರುವವರೇ ಬೇಕು ಅಂತಾರಲ್ಲ, ಯಾಕೆ?

ಬೇಕು. ಇದೇ ಪ್ರಶ್ನೆ ವೇಷ ಬದಲಿಸಿಕೊಂಡು ಬರುತ್ತಲೇ ಇರುತ್ತದೆ. ಈ ಸಲ ಪೂರ್ತಿ ಬರೆದುಬಿಡುತ್ತೇನೆ.

ಐಟಿಐ ಸರ್ಟಿಫಿಕೇಟೇ ಲೈಸೆನ್ಸ್ ಎಂದು ನಂಬಿದವರು ತುಂಬಾ ಜನ. ಕೆಲವು ಎಲೆಕ್ಟ್ರಿಷಿಯನ್‌ಗಳೂ ಹಾಗೇ ಅಂದುಕೊಂಡಿದ್ದಾರೆ. ಐಟಿಐ ಎಲೆಕ್ಟ್ರಿಷಿಯನ್ ಟ್ರೇಡ್ 2 ವರ್ಷದ ಕೋರ್ಸ್. ಅದರ ಸರ್ಟಿಫಿಕೇಟ್ ಹೇಳುವುದು ಒಂದೇ ಮಾತು: ಇವರು ಕಲಿತು ಪಾಸಾಗಿದ್ದಾರೆ. ಎಲ್‌ಎಲ್‌ಬಿ ಪಾಸಾದವರೆಲ್ಲ ಕೋರ್ಟಿನಲ್ಲಿ ವಾದ ಮಾಡೋಕಾಗಲ್ಲ, ಸನದು ಬೇಕು ಅಲ್ವಾ? ಇದೂ ಹಾಗೆಯೇ. ಕೆಲಸ ಮಾಡಲು ಅನುಮತಿ ಕೊಡುವುದು ರಾಜ್ಯ ಸರ್ಕಾರ. ನಮ್ಮಲ್ಲಿ ಅದನ್ನು ನೋಡಿಕೊಳ್ಳುವುದು ವಿದ್ಯುತ್ ಪರಿವೀಕ್ಷಣಾಲಯ.

ಆ ಅನುಮತಿಯೂ ಒಂದೇ ಕಾಗದವಲ್ಲ. ಕೆಲಸ ವಹಿಸಿಕೊಳ್ಳುವವರಿಗೆ ಕಂಟ್ರಾಕ್ಟರ್ ಲೈಸೆನ್ಸ್, ಮೇಲ್ವಿಚಾರಣೆ ಮಾಡುವವರಿಗೆ ಸೂಪರ್‌ವೈಸರ್ ಸರ್ಟಿಫಿಕೇಟ್, ಕೈಯಲ್ಲಿ ಇಕ್ಕಳ ಹಿಡಿದು ಕೆಲಸ ಮಾಡುವವರಿಗೆ ವೈರ್‌ಮನ್ ಪರ್ಮಿಟ್. ಐಟಿಐಯಲ್ಲಿ ವೈರ್‌ಮನ್ ಅಂತಲೇ ಒಂದು ಟ್ರೇಡ್ ಇದೆ. ಅದನ್ನು ಮುಗಿಸಿದರೂ ಪರ್ಮಿಟ್ ಬೇರೆಯೇ ಪಡೆಯಬೇಕು.

ಇದು ಹೊಸ ಕಾನೂನು ಅಂತ ಗೊಣಗುವವರಿಗೆ ಒಂದು ಮಾತು. 1956ರ ಭಾರತೀಯ ವಿದ್ಯುತ್ ನಿಯಮಗಳ 45ನೇ ನಿಯಮದಲ್ಲೇ ಇದು ಇತ್ತು. ಆಮೇಲೆ 2010ರಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳಿಗೂ ಬಂತು. ಹೊಸ ವೈರಿಂಗ್ ಅಷ್ಟೇ ಅಲ್ಲ, ಹಳೆಯದಕ್ಕೆ ಸೇರಿಸುವುದು, ಬದಲಿಸುವುದು, ರಿಪೇರಿ ಕೂಡ ಇದರೊಳಗೆ ಬರುತ್ತದೆ.

“ನಮ್ಮವರ ಹತ್ತಿರ ಪರ್ಮಿಟ್ ಇಲ್ಲ, ಆದರೆ ಗೊತ್ತಿರೋ ಕಂಟ್ರಾಕ್ಟರ್ ಸಹಿ ಹಾಕಿ ಕೊಡ್ತಾರೆ” ಎನ್ನುವವರೂ ಇದ್ದಾರೆ. ಅವರು ಸಹಿ ಹಾಕುವುದು ಹೊಸ ಕನೆಕ್ಷನ್‌ಗೆ ಅರ್ಜಿ ಹಾಕುವಾಗ ಕೊಡುವ ವೈರಿಂಗ್ ರಿಪೋರ್ಟ್‌ಗೆ. ಮನೆಯನ್ನೇ ನೋಡದೆ ಸಹಿ ಹಾಕಿದರೆ ಮೆಗ್ಗರ್ ಎಂಬ ಮೀಟರ್ ಇಟ್ಟು ವೈರಿನ ಇನ್ಸುಲೇಷನ್ ಅಳೆದದ್ದು ಯಾರು? ಅರ್ತಿಂಗ್ ನೋಡಿದ್ದು ಯಾರು? ಯಾರೂ ಇಲ್ಲ. ಗೋಡೆ ಪ್ಲಾಸ್ಟರ್ ಆದ ಮೇಲೆ ಒಳಗಿನ ಜಾಯಿಂಟ್ ಯಾರಿಗೂ ಕಾಣುವುದಿಲ್ಲ. ಹಾಗಾಗಿ ಸುಮ್ನೆ ಸಹಿ ನಂಬಬೇಡಿ. ಲೈಸೆನ್ಸ್ ತೋರಿಸಿ ಅನ್ನಿ. ಯಾರ ಹೆಸರಲ್ಲಿದೆ, ಅವಧಿ ಮುಗಿದಿದೆಯಾ ನೋಡಿ. ಟೆಸ್ಟ್ ಮಾಡುವಾಗ ಪಕ್ಕದಲ್ಲೇ ನಿಂತಿರಿ. ಕೇಳಿದ್ದಕ್ಕೆ ಬೇಜಾರಾದರೆ ಆಗಲಿ.

ಹಾಗಂತ ಬಲ್ಬ್ ಬದಲಿಸಲೂ ಕಂಟ್ರಾಕ್ಟರ್ ಬೇಕಾ ಎಂದು ಹೆದರಬೇಡಿ. ಅದೇ ನಿಯಮದಲ್ಲಿ ವಿನಾಯಿತಿ ಇದೆ. 250 ವೋಲ್ಟ್ ಒಳಗಿನ ಬಲ್ಬ್, ಫ್ಯಾನ್, ಫ್ಯೂಸ್, ಸ್ವಿಚ್ಚು ಹಾಳಾದರೆ ಅಂಥದ್ದೇ ಇನ್ನೊಂದು ಹಾಕಬಹುದು. ಲೋಡು, ಸ್ವರೂಪ ಬದಲಾಗಬಾರದು ಅಷ್ಟೇ. ಗೀಸರ್‌ಗೆ ಹೊಸ ಲೈನ್ ಎಳೆದರೆ ಅದು ಈ ವಿನಾಯಿತಿಗೆ ಸೇರುವುದಿಲ್ಲ.

ನೀವು ಕೇಳಲಿಲ್ಲ, ಆದರೂ ಗೀಸರ್ ಮಾತು ಬಂತಲ್ಲ, ಹೇಳಿಬಿಡುತ್ತೇನೆ. “ಎಂಸಿಬಿ ಇದೆ, ಶಾಕ್ ಹೊಡೆಯಲ್ಲ” ಎನ್ನುವುದು ತಪ್ಪು. ಎಂಸಿಬಿ ಅಂದರೆ ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್ಚು. ಅದು ಕಾಯುವುದು ವೈರನ್ನು, ನಿಮ್ಮನ್ನಲ್ಲ. ಜೀವ ತೆಗೆಯಲು ಒಂದು ಆಂಪಿಯರ್ ಕೂಡ ಬೇಕಿಲ್ಲ. ಅಷ್ಟಕ್ಕೆ 16 ಆಂಪಿಯರ್ ಎಂಸಿಬಿ ಅಲುಗಾಡುವುದೂ ಇಲ್ಲ. ಮನುಷ್ಯರಿಗಾಗಿ ಇರುವುದು 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಎಂಬ ಸ್ವಿಚ್ಚು. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಅಷ್ಟೇ ವಾಪಸ್ ಬರದಿದ್ದರೆ ಅದು ತಕ್ಷಣ ಕಟ್ ಮಾಡುತ್ತದೆ. ಅದು ಇದೆ ಅಂತ ಅರ್ತಿಂಗ್ ಬಿಡುವ ಹಾಗಿಲ್ಲ, ಎರಡೂ ಬೇಕು. ಆರ್‌ಸಿಸಿಬಿ ಮೇಲೆ ಟೆಸ್ಟ್ ಬಟನ್ ಇರುತ್ತದೆ. ಕರೆಂಟ್ ಇರುವಾಗ ಆಗಾಗ ಒತ್ತಿ ನೋಡಿ. ಟ್ರಿಪ್ ಆಗದಿದ್ದರೆ ಲೈಸೆನ್ಸ್ ಇರುವವರನ್ನು ಕರೆಸಿ ಬದಲಿಸಿ.