ಫ್ರಾನ್ಸಿನ ದೊರೆಯನ್ನು ಹಂದಿಯಾಗಿ ಬರೆದದ್ದೇಕೆ?

ಪ್ರಶ್ನೆ: ಫ್ರೆಂಚ್ ಕ್ರಾಂತಿಯ ಕಾಲದ ಅಚ್ಚಿನ ಚಿತ್ರಗಳಲ್ಲಿ ಹದಿನಾರನೆಯ ಲೂಯಿಗೆ ಹಂದಿಯ ಮೈ ಬಂದಿರುತ್ತದೆ. ಜನರಿಗೆ ಮೊದಲಿನಿಂದಲೂ ಅವನ ಮೇಲೆ ಅಷ್ಟು ಸಿಟ್ಟಿತ್ತೇ?

ಉತ್ತರ: ಇರಲಿಲ್ಲ. 1789ರ ಜುಲೈನಲ್ಲಿ ಪ್ಯಾರಿಸ್ಸಿನ ಸೆರೆಮನೆಯಾಗಿದ್ದ ಬಾಸ್ತೀಲ್ ಕೋಟೆ ದಂಗೆಯೆದ್ದ ಜನರ ಕೈಗೆ ಬಿತ್ತು. ಆದರೂ ಮುಂದಿನ ತಿಂಗಳೇ ಜನಪ್ರತಿನಿಧಿಗಳ ರಾಷ್ಟ್ರೀಯ ಸಭೆ ಲೂಯಿಯನ್ನು ‘ಫ್ರೆಂಚ್ ಸ್ವಾತಂತ್ರ್ಯದ ಪುನಃಸ್ಥಾಪಕ’ ಎಂದು ಕೊಂಡಾಡಿತು. ಕೆಟ್ಟವರು ಸುತ್ತಲಿನವರು, ದೊರೆ ಒಳ್ಳೆಯವನು ಎಂಬ ನಂಬಿಕೆ ಇನ್ನೂ ಉಳಿದಿತ್ತು. 1775ರಲ್ಲಿ ರ‍್ಯಾನ್ಸ್ ನಗರದಲ್ಲಿ ಪವಿತ್ರ ತೈಲ ಹಚ್ಚಿಸಿಕೊಂಡು ಪಟ್ಟವೇರಿದ ಮೈ ಅದು. (ನಮ್ಮ ಟಿಪ್ಪು ಸುಲ್ತಾನನ ರಾಯಭಾರಿಗಳು 1788ರ ಆಗಸ್ಟ್ 10ರಂದು ವರ್ಸಾಯ್ ಅರಮನೆಯಲ್ಲಿ ಕಂಡದ್ದು ಇದೇ ದೊರೆಯನ್ನು. ಸರಿಯಾಗಿ ನಾಲ್ಕು ವರ್ಷಕ್ಕೆ, ಅದೇ ದಿನ, ಅವನ ಪ್ಯಾರಿಸ್ ಅರಮನೆಗೆ ಜನ ನುಗ್ಗಿದರು.)

ನಂಬಿಕೆ ಮುರಿದದ್ದು ಒಂದು ರಾತ್ರಿಯಲ್ಲಿ. 1791ರ ಜೂನ್ 20ರಂದು ಲೂಯಿ ಆಳಿನ ವೇಷ ಹಾಕಿ, ಹೆಂಡತಿ ಮಕ್ಕಳೊಂದಿಗೆ ಗಡಿಯ ಕಡೆಗೆ ಓಡಿದ. ಕ್ರಾಂತಿಯನ್ನು ಹಳಿದು ಸ್ವಂತ ಕೈಯಲ್ಲಿ ಬರೆದ ಪತ್ರವನ್ನು ಅರಮನೆಯಲ್ಲೇ ಬಿಟ್ಟು ಹೋಗಿದ್ದ. ದಾರಿಯಲ್ಲಿ ಸಾಂತ್ ಮನೂ ಎಂಬ ಊರಿನ ಅಂಚೆ ಕುದುರೆಗಳ ಅಧಿಕಾರಿ ದ್ರುವೇ ಅವನನ್ನು ಗುರುತಿಸಿದ. ಕಾಗದದ ಹಣದ ಮೇಲೆ ಅಚ್ಚಾಗಿದ್ದ ದೊರೆಯ ಮುಖದೊಂದಿಗೆ ಹೋಲಿಸಿ ನೋಡಿದೆ ಎಂದು ಅವನೇ ಹೇಳಿದ್ದಾನೆ. ಮುಂದೆ ವಾರೆನ್ ಎಂಬಲ್ಲಿ ಬಂಡಿ ತಡೆದರು. ಲೂಯಿಯನ್ನು ಹಿಡಿದುಕೊಟ್ಟದ್ದೂ ಒಂದು ಅಚ್ಚಿನ ಚಿತ್ರವೇ ಎಂಬುದು ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ.

ಜೂನ್ 25ರಂದು ಅವನನ್ನು ಪ್ಯಾರಿಸ್ಸಿಗೆ ಮರಳಿ ತಂದಾಗ ಬೀದಿಯಲ್ಲಿ ಸದ್ದಿರಲಿಲ್ಲ. ದೊರೆಗೆ ಚಪ್ಪಾಳೆ ತಟ್ಟಿದವರಿಗೆ ಏಟು, ಬೈದವರಿಗೆ ನೇಣು ಎಂದು ಮೊದಲೇ ಸಾರಿದ್ದರು. ಬೀದಿ ನುಂಗಿಕೊಂಡ ಮಾತನ್ನು ಚಿತ್ರದಂಗಡಿಗಳು ಆಡಿದವು. ‘ಹಂದಿ ಸಂಸಾರ ಮರಳಿ ಕೊಟ್ಟಿಗೆಗೆ’ ಎಂಬರ್ಥದ ಹೆಸರಿನ ಚಿತ್ರದಲ್ಲಿ ರಾಜಕುಟುಂಬವೆಲ್ಲ ಗಾಡಿಯಲ್ಲಿದೆ. ಮುಖ ಮನುಷ್ಯರದು, ಮೈ ಹಂದಿಯದು.

ಹಂದಿಯೇ ಏಕೆ? ಲೂಯಿಯ ಹೊಟ್ಟೆಬಾಕತನ ಮನೆಮಾತಾಗಿತ್ತು. ಸಾಂತ್ ಮನೂ ಹಂದಿಕಾಲಿನ ಅಡುಗೆಗೆ ಹೆಸರಾದ ಊರು. ಅದನ್ನು ತಿನ್ನಲು ನಿಂತೇ ದೊರೆ ಸಿಕ್ಕಿಬಿದ್ದ ಎಂಬ ಸುಳ್ಳುಸುದ್ದಿ ಎಲ್ಲೆಡೆ ಹಬ್ಬಿತ್ತು. ಇದಕ್ಕಿಂತ ಆಳದ ಕಾರಣವೂ ಇದೆ. ಹಂದಿ ಉಳುವುದಿಲ್ಲ, ಹಾಲು ಕೊಡುವುದಿಲ್ಲ. ರೈತ ಅದನ್ನು ಮೇಯಿಸಿ ಕೊಬ್ಬಿಸುವುದು ಒಂದು ದಿನ ಕೊಯ್ಯುವುದಕ್ಕೆ. ತೆರಿಗೆ ಕಟ್ಟಿ ಸೋತಿದ್ದ ಜನರಿಗೆ ಈ ಹೋಲಿಕೆಯನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಅದು ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನೂ.

ಇಂಥ ಚಿತ್ರ ತಯಾರಿಸುವುದು ಕಷ್ಟದ ಕೆಲಸವಲ್ಲ. ತಾಮ್ರದ ಹಲಗೆಗೆ ಮೇಣ ಬಳಿದು, ಸೂಜಿಯಿಂದ ಗೀರಿ, ಆಮ್ಲದಲ್ಲಿಟ್ಟರೆ ಗೆರೆ ಕೊರೆಯುತ್ತದೆ. ಮಸಿ ತುಂಬಿ ಒತ್ತಿದರೆ ಚಿತ್ರ ಸಿದ್ಧ. ಬಣ್ಣ ಆಮೇಲೆ ಕೈಯಲ್ಲಿ. ಬಹಳಷ್ಟಕ್ಕೆ ಕಲಾವಿದನ ಹೆಸರೇ ಇಲ್ಲ. ಹಲಗೆಯನ್ನು ತಿದ್ದಲೂ ಬರುತ್ತಿತ್ತು. 1792ರ ಜೂನ್ 20ರಂದು ಜನ ಅರಮನೆಗೆ ನುಗ್ಗಿ ಲೂಯಿಗೆ ಕ್ರಾಂತಿಯ ಗುರುತಾದ ಕೆಂಪು ಟೋಪಿ ಹಾಕಿಸಿದರು. ವ್ಯಾಪಾರಿಗಳು ಅವನ ಹಳೆಯ ಗೌರವದ ಭಾವಚಿತ್ರದ ಹಲಗೆಗೇ ಟೋಪಿ ಕೊರೆದು ಮತ್ತೆ ಮಾರಿದರು.

ರಾಣಿ ಮಾರಿ ಆಂತ್ವಾನೆತ್‌ಳ ಚಿತ್ರಗಳನ್ನು ನೋಡುವಾಗ ನನಗೆ ನೋವಾಗುತ್ತದೆ. ಒಂದರಲ್ಲಿ ಅವಳು ಉಷ್ಟ್ರಪಕ್ಷಿ. ಫ್ರೆಂಚಿನಲ್ಲಿ ಆ ಹಕ್ಕಿಗೆ ‘ಒತ್ರೂಶ್’, ಅವಳ ತವರು ಆಸ್ಟ್ರಿಯಾಕ್ಕೆ ‘ಒತ್ರೀಶ್’. ಬೆಳ್ಳಿಬಂಗಾರ ಸಲೀಸಾಗಿ ಅರಗುತ್ತದೆ, ಸಂವಿಧಾನ ಮಾತ್ರ ಗಂಟಲಲ್ಲಿ ಇಳಿಯುವುದಿಲ್ಲ ಎನ್ನುತ್ತದೆ ಹಕ್ಕಿ. ಇದನ್ನು ರಾಜಕೀಯ ಟೀಕೆ ಎನ್ನಬಹುದು. ಆದರೆ ಅವಳ ಹೆಣ್ತನವನ್ನೇ ಹೊಲಸಾಗಿಸಿದ ಅಶ್ಲೀಲ ಚಿತ್ರಗಳು ಎಷ್ಟೋ ಇವೆ. ಅವು ಬರಿಯ ಕ್ರೌರ್ಯ.

ಈ ಚಿತ್ರಗಳೇ ಸಿಂಹಾಸನ ಉರುಳಿಸಿದವು ಎನ್ನಲಾರೆ. ಹಸಿವು, ಸಾಲ, ಯುದ್ಧ, ಮುರಿದ ಮಾತು ಎಲ್ಲವೂ ಸೇರಿದ್ದವು. ಚಿತ್ರಗಳು ಮಾಡಿದ್ದು, ಮುಟ್ಟಬಾರದ್ದೆಂದು ತಿಳಿದಿದ್ದ ಮೈಯನ್ನು ಮುಟ್ಟಬಹುದಾದ ಮೈಯಾಗಿಸಿದ್ದು.

1793ರ ಜನವರಿ 21ರಂದು ಲೂಯಿಯ ತಲೆ ಕಡಿದರು. ಅದೇ ವರ್ಷ ವಿಲ್ನವ್ ಎಂಬ ಕಲಾವಿದ ಹೊರತಂದ ಚಿತ್ರದಲ್ಲಿ ಒಂದು ಕೈ ಕೂದಲು ಹಿಡಿದು ರುಂಡವನ್ನು ಎತ್ತಿದೆ, ಕೊರಳಿನಿಂದ ರಕ್ತ ತೊಟ್ಟಿಕ್ಕುತ್ತಿದೆ. ಹಂದಿ ಎಲ್ಲೂ ಇಲ್ಲ. ಅಲ್ಲಿರುವುದು ಸತ್ತ ಮನುಷ್ಯನೊಬ್ಬನ ಮುಖ.