ಟ್ಯಾಂಕಿಗೆ ಅಡ್ಡ ನಿಂತವರು ಲಿಯು ಶಿಯಾವೊಬೊ ಅಲ್ಲ

ಪ್ರಶ್ನೆ: ಟ್ಯಾಂಕುಗಳ ಸಾಲಿಗೆ ಅಡ್ಡವಾಗಿ ಚೀಲ ಹಿಡಿದು ನಿಂತ ಚೀನಾದ ಆ ಮನುಷ್ಯ ಲಿಯು ಶಿಯಾವೊಬೊ ತಾನೇ? ಅದಕ್ಕೆ ನೊಬೆಲ್ ಕೊಟ್ಟರು, ಆ ಸಿಟ್ಟಿಗೆ ಚೀನಾ ಜೈಲಿಗೆ ಹಾಕಿತು, ಅಲ್ವಾ?

ಉತ್ತರ: ಅಲ್ಲ. ಒಂದೇ ಪ್ರಶ್ನೆಯಲ್ಲಿ ಮೂರು ತಪ್ಪು. ಅಡ್ಡ ನಿಂತವರು ಅವರಲ್ಲ. ನೊಬೆಲ್ ಬಂದಿದ್ದು ಅದಕ್ಕಲ್ಲ. ಜೈಲು ಮೊದಲು, ನೊಬೆಲ್ ಆಮೇಲೆ.

ಪ್ರತಿ ವರ್ಷ ಜೂನ್ ಮೊದಲ ವಾರ ಬಂತೆಂದರೆ ಈ ಪ್ರಶ್ನೆ ಬರುತ್ತದೆ. ಅಕ್ಟೋಬರಿನಲ್ಲಿ ನೊಬೆಲ್ ಘೋಷಣೆಯಾದಾಗ ಮತ್ತೊಮ್ಮೆ ಬರುತ್ತದೆ. ಒಂದು ಸಾಲಿನಲ್ಲಿ ಉತ್ತರ ಕೊಟ್ಟು ಕೊಟ್ಟು ಸಾಕಾಗಿದೆ. ಈ ಸಲ ಉದ್ದಕ್ಕೇ ಬರೆಯುತ್ತೇನೆ. ಮುಂದಿನ ಸಲ ಯಾರಾದರೂ ಆ ಫೋಟೋ ಕೆಳಗೆ ಲಿಯು ಹೆಸರು ಹಾಕಿ ಕಳಿಸಿದರೆ ಅವರಿಗೆ ಇದನ್ನೇ ದಾಟಿಸಿ.

ಮೊದಲು ಆ ಫೋಟೋ ವಿಷಯ ಮುಗಿಸೋಣ. ಅದನ್ನು ತೆಗೆದದ್ದು 1989ರ ಜೂನ್ 5ರಂದು. ಪ್ರಜಾಪ್ರಭುತ್ವ ಕೇಳಿ ವಿದ್ಯಾರ್ಥಿಗಳು ಕೂತಿದ್ದ ಬೀಜಿಂಗಿನ ತಿಯಾನನ್ಮೆನ್ ಚೌಕವನ್ನು ಸೈನ್ಯ ಖಾಲಿ ಮಾಡಿಸಿದ ಮರುದಿನ. ಜಾಗ ಚೌಕದ ಪಕ್ಕದ ಚಾಂಗಾನ್ ರಸ್ತೆ. ಟ್ಯಾಂಕುಗಳು ಚೌಕಕ್ಕೆ ನುಗ್ಗುತ್ತಿರಲಿಲ್ಲ, ಅಲ್ಲಿಂದ ಹೊರಗೆ ಹೊರಟಿದ್ದವು. ಬಿಳಿ ಅಂಗಿ, ಕಪ್ಪು ಪ್ಯಾಂಟಿನ ಒಬ್ಬ ಮನುಷ್ಯ ನಡುರಸ್ತೆಗೆ ಬಂದು ನಿಂತ. ಮುಂದಿನ ಟ್ಯಾಂಕು ಪಕ್ಕಕ್ಕೆ ಸರಿದರೆ ಇವನೂ ಸರಿದ. ಆಮೇಲೆ ಟ್ಯಾಂಕಿನ ಮೇಲೆ ಹತ್ತಿ ಒಳಗಿದ್ದವರ ಜೊತೆ ಏನೋ ಮಾತಾಡಿದ. ಕೊನೆಗೆ ಯಾರೋ ಬಂದು ಎಳೆದುಕೊಂಡು ಹೋದರು. ಬೀಜಿಂಗ್ ಹೋಟೆಲಿನ ಬಾಲ್ಕನಿಗಳಿಂದ ವಿದೇಶಿ ಫೋಟೋಗ್ರಾಫರುಗಳು ಇದನ್ನು ಸೆರೆಹಿಡಿದರು. ಆ ಮನುಷ್ಯ ಯಾರು ಎಂಬುದು ಇವತ್ತಿಗೂ ಗೊತ್ತಾಗಿಲ್ಲ. ಮರುವರ್ಷ ಅಮೆರಿಕದ ಟಿವಿ ಪತ್ರಕರ್ತೆಯೊಬ್ಬರು ಅವನ ಗತಿ ಏನಾಯಿತು ಎಂದು ಕೇಳಿದಾಗ, ಕೊಂದಿಲ್ಲ ಅನ್ನಿಸುತ್ತದೆ ಎಂದಷ್ಟೇ ಜಿಯಾಂಗ್ ಜೆಮಿನ್ ಹೇಳಿದ್ದರು. ಆಗ ಅವರು ಚೀನಾ ಕಮ್ಯುನಿಸ್ಟ್ ಪಕ್ಷದ ಮುಖ್ಯಸ್ಥ.

ಈಗ ಲಿಯು. ಅವರು ಚಳವಳಿಗೆ ಇಳಿದಿದ್ದ ಸಾಹಿತ್ಯ ವಿಮರ್ಶಕ, ಯಾರೋ ಗೊತ್ತಿಲ್ಲದ ದಾರಿಹೋಕ ಆಗಿರಲಿಲ್ಲ. ಜೂನ್ 5ರ ಹೊತ್ತಿಗೆ ಬೀಜಿಂಗಿನ ಪೊಲೀಸರು ಹುಡುಕುತ್ತಿದ್ದ ಮುಖಗಳಲ್ಲಿ ಅವರದೂ ಒಂದು. ಆಗ ಅವರು ವಿದೇಶಿ ರಾಜತಾಂತ್ರಿಕರ ವಸತಿಯಲ್ಲಿ ಆಸರೆ ಪಡೆದಿದ್ದರು. ರಾಯಭಾರ ಕಚೇರಿಯೊಳಗೆ ಹೋಗಿ ಉಳಿದುಕೊಳ್ಳುವ ಅವಕಾಶ ಇತ್ತು, ಬೇಡ ಅಂದರು. ಜೂನ್ 6ರ ರಾತ್ರಿ ಸಿಕ್ಕಿಬಿದ್ದರು. ಟ್ಯಾಂಕಿನ ಮುಂದೆ ನಿಂತವರು ಅವರೇ ಆಗಿದ್ದರೆ ಸರ್ಕಾರ ಅದನ್ನು ಆರೋಪಪಟ್ಟಿಯಲ್ಲಿ ಬರೆಯದೆ ಬಿಡುತ್ತಿತ್ತೇ? ಹಾಕಿದ್ದು ಕ್ರಾಂತಿವಿರೋಧಿ ಪ್ರಚಾರ ಮತ್ತು ಪ್ರಚೋದನೆಯ ಆರೋಪ. ಅಂದರೆ ಮಾತು ಮತ್ತು ಬರಹ.

ಅವರು ನಿಜವಾಗಿ ಮಾಡಿದ್ದು ಬೇರೆ. ನನ್ನ ಪ್ರಕಾರ ಅದು ಫೋಟೋಕ್ಕಿಂತ ದೊಡ್ಡದು.

1989ರ ಏಪ್ರಿಲಿನಲ್ಲಿ ಲಿಯು ನ್ಯೂಯಾರ್ಕಿನಲ್ಲಿದ್ದರು, ಕೊಲಂಬಿಯಾ ವಿಶ್ವವಿದ್ಯಾಲಯದ ಅತಿಥಿ ವಿದ್ವಾಂಸರಾಗಿ. ವಯಸ್ಸು 33. ಹಿಂದಿನ ವರ್ಷವಷ್ಟೇ ಬೀಜಿಂಗ್ ನಾರ್ಮಲ್ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಆಗಿತ್ತು. ಸಾಹಿತ್ಯದ ದೊಡ್ಡ ಹೆಸರುಗಳನ್ನೆಲ್ಲ ಹಿಗ್ಗಾಮುಗ್ಗಾ ಬೈಯುವ ವಿಮರ್ಶಕ ಎಂದು ಹೆಸರಾಗಿದ್ದರು. ಮಾತಾಡುವಾಗ ಉಗ್ಗು ಬೇರೆ, ಆದರೂ ಅವರ ಭಾಷಣಕ್ಕೆ ಜನ ಸೇರುತ್ತಿದ್ದರು. ಬೀಜಿಂಗಿನಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದ ಸುದ್ದಿ ಕೇಳಿ, ಅಮೆರಿಕದ ಅವಧಿ ಮುಗಿಯುವ ಮೊದಲೇ ವಿಮಾನ ಹತ್ತಿ ವಾಪಸ್ ಬಂದರು. ಉಳಿದವರು ದೇಶ ಬಿಟ್ಟು ಹೋಗುವ ದಾರಿ ಹುಡುಕುವ ಕಾಲ ಹತ್ತಿರ ಬಂದಿತ್ತು. ಇವರು ಒಳಗೆ ಬಂದರು.

ಜೂನ್ 2ರಂದು ಚೌಕದ ನಡುವಿನ ಸ್ಮಾರಕದ ಬಳಿ ನಾಲ್ಕು ಜನ ಉಪವಾಸ ಕೂತರು: ಲಿಯು, ತೈವಾನಿನ ಗಾಯಕ ಹೌ ದೆಜಿಯಾನ್, ಜೊತೆಗೆ ಝೌ ದುವೊ ಮತ್ತು ಗಾವೊ ಶಿನ್. ನಮಗೆ ಶತ್ರುಗಳಿಲ್ಲ, ದ್ವೇಷ ನಮ್ಮ ವಿವೇಕವನ್ನು ಕೆಡಿಸದಿರಲಿ ಎಂದು ಅವರ ಹೇಳಿಕೆಯಲ್ಲೇ ಬರೆದಿದ್ದರು. ಅದರಲ್ಲಿ ಬೈಗುಳ ಬರೀ ಸರ್ಕಾರಕ್ಕಷ್ಟೇ ಮೀಸಲಾಗಿರಲಿಲ್ಲ. ವಿದ್ಯಾರ್ಥಿಗಳೂ ತಮ್ಮೊಳಗೆ ಪ್ರಜಾಪ್ರಭುತ್ವ ಪಾಲಿಸುತ್ತಿಲ್ಲ ಎಂಬ ಟೀಕೆಯೂ ಇತ್ತು.

ಮರುದಿನ ರಾತ್ರಿ ಸೈನ್ಯ ಗುಂಡು ಹಾರಿಸುತ್ತಾ ನಗರದೊಳಗೆ ಬಂತು. ಚೌಕದಲ್ಲಿದ್ದ ಕೆಲವರ ಕೈಗೆ ಬಂದೂಕು ಸಿಕ್ಕಿತ್ತು. ಒಂದು ಗುಂಡು ಈ ಕಡೆಯಿಂದ ಹಾರಿದ್ದರೂ ಸಾಕಿತ್ತು, ಸ್ಮಾರಕದ ಮೆಟ್ಟಿಲ ಮೇಲೆ ಕೂತಿದ್ದ ಸಾವಿರಾರು ಮಕ್ಕಳ ಕಥೆ ಮುಗಿಯುತ್ತಿತ್ತು. ಲಿಯು ಒಂದು ರೈಫಲನ್ನು ಎಲ್ಲರ ಕಣ್ಣೆದುರೇ ಕುಟ್ಟಿ ಮುರಿದರು. ಹೌ ಮತ್ತು ಝೌ ಸೈನ್ಯದ ಅಧಿಕಾರಿಗಳ ಬಳಿ ಹೋಗಿ ಹೊರಹೋಗಲು ದಾರಿ ಕೇಳಿದರು. ಹೋಗೋಣವೋ ಇರೋಣವೋ ಎಂದು ವಿದ್ಯಾರ್ಥಿಗಳನ್ನು ಕೂಗಿಸಿ ಕೇಳಿದ್ದಾಯಿತು. ಬೆಳಗಿನ ಜಾವ ಚೌಕದ ಆಗ್ನೇಯ ಮೂಲೆಯಿಂದ ಅವರೆಲ್ಲ ನಡೆದು ಹೊರಬಂದರು. ಇದಕ್ಕೆ ಟ್ಯಾಂಕಿನ ಫೋಟೋದಂಥ ಒಂದು ಚಿತ್ರ ಇಲ್ಲ. ಅದಕ್ಕೇ ಯಾರಿಗೂ ನೆನಪಿಲ್ಲ.

ಇಲ್ಲೇ ಇನ್ನೊಂದು ಸುಳ್ಳು ಹುಟ್ಟಿದೆ. ಬಂಧನದಲ್ಲಿದ್ದಾಗ ಲಿಯು ಟಿವಿಯಲ್ಲಿ, ಚೌಕದೊಳಗೆ ಯಾರೂ ಸತ್ತದ್ದನ್ನು ನಾನು ನೋಡಲಿಲ್ಲ ಎಂದರು. ತಾವು ಕಂಡದ್ದನ್ನೇ ಹೇಳಿದ್ದರು. ಸರ್ಕಾರ ಅದನ್ನು ಎತ್ತಿಕೊಂಡು, ನೋಡಿ, ನಿಮ್ಮವರೇ ಹೇಳುತ್ತಿದ್ದಾರೆ, ಹತ್ಯೆ ನಡೆದೇ ಇಲ್ಲ ಎಂದು ಸಾರಿತು. ಈಗಲೂ ಆ ತುಣುಕನ್ನು ಹಂಚುವವರಿದ್ದಾರೆ. ಸ್ವಾಮಿ, ಜನ ಜಾಸ್ತಿ ಸತ್ತದ್ದು ಚೌಕಕ್ಕೆ ಬರುವ ರಸ್ತೆಗಳಲ್ಲಿ, ಪಶ್ಚಿಮದ ಮುಶಿದಿಯ ಕಡೆ. ಚೌಕದ ನಡುವೆ ಕೂತವರಿಗೆ ಅದು ಹೇಗೆ ಕಾಣುತ್ತದೆ? ಆ ಸಂದರ್ಶನ, ಆಮೇಲೆ ಜೈಲಿನಲ್ಲಿ ಬರೆದುಕೊಟ್ಟ ತಪ್ಪೊಪ್ಪಿಗೆ, ಇವೆರಡೂ ಲಿಯು ಅವರನ್ನು ಕಡೆಯವರೆಗೂ ಕಾಡಿದವು. ಇದನ್ನು ಅವರು ಮುಚ್ಚಿಡಲಿಲ್ಲ, ತಮ್ಮನ್ನೇ ಬೈದುಕೊಂಡು ಬರೆದರು. ಸತ್ತವರಿಗಾಗಿ ಪ್ರತಿ ವರ್ಷ ಜೂನ್ 4ಕ್ಕೆ ಕವಿತೆ ಬರೆದರು. 17ರ ಮಗನನ್ನು ಕಳೆದುಕೊಂಡ ದಿಂಗ್ ಝಿಲಿನ್ ಮತ್ತು ಅವರಂಥ ತಾಯಂದಿರ ಜೊತೆ ನಿಂತರು.

ಟ್ಯಾಂಕ್ ಮನುಷ್ಯನ ಕಥೆ ಅಂಟಿಸಿದರೆ ಇದೆಲ್ಲ ಅಳಿಸಿಹೋಗುತ್ತದೆ. ನನಗೆ ಸಿಟ್ಟು ಬರುವುದು ಅದಕ್ಕೆ. ಐದು ನಿಮಿಷದ ಧೈರ್ಯ ಒಂದು ಬಗೆ. ಇಪ್ಪತ್ತು ವರ್ಷ ಅದೇ ಊರಿನಲ್ಲಿ ಇದ್ದು, ಕೆಲಸ ಕಳೆದುಕೊಂಡು, ದೇಶದೊಳಗೆ ತಮ್ಮ ಹೆಸರಿನಲ್ಲಿ ಒಂದು ಸಾಲೂ ಅಚ್ಚಾಗದಿದ್ದರೂ ಬರೆಯುತ್ತಲೇ ಇರುವುದು ಇನ್ನೊಂದು ಬಗೆ. ಅವರನ್ನು ದೇವರು ಮಾಡಬೇಕಾಗಿಯೂ ಇಲ್ಲ. 1988ರಲ್ಲಿ ಹಾಂಗ್‌ಕಾಂಗಿನ ಸಂದರ್ಶನವೊಂದರಲ್ಲಿ, ಚೀನಾ ಸರಿಹೋಗಲು 300 ವರ್ಷ ವಸಾಹತು ಆಗಿರಬೇಕು ಎಂಬಂಥ ಮಾತಾಡಿದ್ದರು. ಇರಾಕ್ ಯುದ್ಧಕ್ಕೂ ಬೆಂಬಲ ಕೊಟ್ಟಿದ್ದರು. ನನಗೆ ಎರಡೂ ಹಿಡಿಸಲ್ಲ. ಆದರೆ ಹಿಡಿಸದ ಅಭಿಪ್ರಾಯಕ್ಕೆ ಜೈಲು ಎಂದರೆ ನಮ್ಮಲ್ಲಿ ಯಾರು ಹೊರಗೆ ಉಳಿಯುತ್ತಾರೆ ಹೇಳಿ.

ಜೈಲಿನ ಲೆಕ್ಕ ಕೇಳುವವರಿಗೆ: ನಾಲ್ಕು ಸಲ. 1989ರಿಂದ 1991ರ ಜನವರಿವರೆಗೆ. 1995ರಲ್ಲಿ ಸುಮಾರು ಒಂಬತ್ತು ತಿಂಗಳು. 1996ರಿಂದ 1999ರವರೆಗೆ, ಕೋರ್ಟಿನ ವಿಚಾರಣೆಯೇ ಇಲ್ಲದೆ ಪೊಲೀಸರೇ ಕಳಿಸಬಹುದಾಗಿದ್ದ ದುಡಿಮೆ ಶಿಬಿರದಲ್ಲಿ. ನಾಲ್ಕನೆಯದು 2008ರ ಡಿಸೆಂಬರ್ 8ರ ರಾತ್ರಿ ಶುರುವಾಯಿತು. ಅದು ಮುಗಿಯಲಿಲ್ಲ.

ಆ ನಾಲ್ಕನೆಯದಕ್ಕೆ ಕಾರಣ ಚಾರ್ಟರ್ 08. ಕಮ್ಯುನಿಸ್ಟ್ ಆಳ್ವಿಕೆಯ ಜೆಕೊಸ್ಲೊವಾಕಿಯಾದಲ್ಲಿ 1977ರಲ್ಲಿ ಹೊರಬಂದ ಮಾನವ ಹಕ್ಕುಗಳ ಪತ್ರ ಚಾರ್ಟರ್ 77ರ ಮಾದರಿಯಲ್ಲಿ ಬರೆದ ಒಂದು ಬೇಡಿಕೆ ಪತ್ರ. ಇದನ್ನೂ ಲಿಯು ಒಬ್ಬರೇ ಬರೆದರು ಅನ್ನುತ್ತಾರೆ, ಅದೂ ಸರಿಯಲ್ಲ. ಕರಡಿನ ಕೆಲಸ ಹೆಚ್ಚಾಗಿ ಝಾಂಗ್ ಝುಹುವಾ ಅವರದು. ಲಿಯು ತಿದ್ದಿದರು, ಸಹಿ ಕೂಡಿಸಿದರು. ಮೊದಲ ಪಟ್ಟಿಯಲ್ಲಿ 303 ಜನ. ಕೇಳಿದ್ದೇನು? ನೇರ ಚುನಾವಣೆ, ಸ್ವತಂತ್ರ ನ್ಯಾಯಾಲಯ, ಪಕ್ಷದ ಬದಲು ದೇಶಕ್ಕೆ ಉತ್ತರ ಕೊಡುವ ಸೈನ್ಯ, ಹಳ್ಳಿಯವರಿಗೆ ಪಟ್ಟಣದವರಷ್ಟೇ ಹಕ್ಕು. ನಮಗೆ ಇದು ಒಂಬತ್ತನೇ ತರಗತಿಯ ಪೌರನೀತಿ ಪಾಠದಂತೆ ಕಾಣಬಹುದು. ಜೊತೆಗೆ, ‘ರಾಜ್ಯಾಧಿಕಾರ ಬುಡಮೇಲು ಮಾಡಲು ಪ್ರಚೋದನೆ’ ಎಂಬ ಅಪರಾಧವನ್ನೇ ಕಾನೂನಿನಿಂದ ತೆಗೆಯಿರಿ ಎಂದೂ ಅದರಲ್ಲಿತ್ತು. ಸರ್ಕಾರ ಅದೇ ಅಪರಾಧವನ್ನೇ ಹೊರಿಸಿತು.

2009ರ ಡಿಸೆಂಬರ್ 23ಕ್ಕೆ ವಿಚಾರಣೆ, 25ಕ್ಕೆ ತೀರ್ಪು. ಕ್ರಿಸ್‌ಮಸ್ ದಿನ, ವಿದೇಶಿ ಪತ್ರಕರ್ತರು ರಜೆಯಲ್ಲಿರುವ ಹೊತ್ತು. ಸಾಕ್ಷಿಯಾಗಿ ಚಾರ್ಟರ್ ಮತ್ತು ಆರು ಲೇಖನ. ಯಾವ ಲೇಖನಕ್ಕೆ ಎಷ್ಟು ಕ್ಲಿಕ್ ಬಿತ್ತು ಎಂಬ ಲೆಕ್ಕವೂ ತೀರ್ಪಿನಲ್ಲಿತ್ತು. ಶಿಕ್ಷೆ 11 ವರ್ಷ. ನ್ಯಾಯಾಲಯಕ್ಕೆಂದು ಬರೆದ ಕೊನೆಯ ಹೇಳಿಕೆಯಲ್ಲಿ ಲಿಯು ಮತ್ತೆ ಅದೇ 1989ರ ಮಾತು ಹೇಳಿದರು: ನನಗೆ ಶತ್ರುಗಳಿಲ್ಲ. ತಮ್ಮನ್ನು ನೋಡಿಕೊಂಡ ಜೈಲು ಅಧಿಕಾರಿಯ ಒಳ್ಳೆಯತನವನ್ನೂ ಮೆಚ್ಚಿ ಬರೆದರು. ದೇಶ ಬಿಟ್ಟು ಹೋಗಿದ್ದ ಕೆಲವು ಹೋರಾಟಗಾರರಿಗೆ ಇದೇ ಸಿಟ್ಟು ತರಿಸಿತು. ಇಷ್ಟು ಮೆತ್ತಗಿನವರಿಗೆ ನೊಬೆಲ್ ಯಾಕೆ ಎಂದು ಅವರು ವಿರೋಧಿಸಿದರು. ಅತ್ತ ಬೀಜಿಂಗಿಗೆ ಅಪಾಯಕಾರಿ ಮನುಷ್ಯ, ಇತ್ತ ಇವರಿಗೆ ಮೆತ್ತಗಿನ ಮನುಷ್ಯ.

ನೊಬೆಲ್ ಶಾಂತಿ ಪ್ರಶಸ್ತಿ ಘೋಷಣೆಯಾದದ್ದು 2010ರ ಅಕ್ಟೋಬರ್ 8ಕ್ಕೆ, ಮಾನವ ಹಕ್ಕುಗಳಿಗಾಗಿ ಅವರು ನಡೆಸಿದ ದೀರ್ಘ ಅಹಿಂಸಾತ್ಮಕ ಹೋರಾಟಕ್ಕೆ. ಆಗ ಅವರು ಲಿಯಾವೊನಿಂಗ್ ಪ್ರಾಂತ್ಯದ ಜಿಂಝೌ ಜೈಲಿನಲ್ಲಿದ್ದರು. ಡಿಸೆಂಬರ್ 10ರಂದು ಓಸ್ಲೊದಲ್ಲಿ ಪ್ರಶಸ್ತಿಪತ್ರವನ್ನು ಖಾಲಿ ಕುರ್ಚಿಯ ಮೇಲೆ ಇಟ್ಟರು. ನಟಿ ಲಿವ್ ಉಲ್‌ಮನ್ ಆ ಕೊನೆಯ ಹೇಳಿಕೆಯನ್ನು ಓದಿದರು. ಯಾರೂ ಹೋಗಬಾರದು ಎಂದು ಚೀನಾ ದೇಶಗಳ ಮೇಲೆ ಒತ್ತಡ ಹಾಕಿತ್ತು. ರಷ್ಯಾ, ಪಾಕಿಸ್ತಾನ ಹೋಗಲಿಲ್ಲ. ಭಾರತ ಹೋಯಿತು. ನಾರ್ವೆಯ ಮೇಲಿನ ಸಿಟ್ಟು ಇಳಿದು ಸಂಬಂಧ ಸರಿಹೋಗಲು 2016ರ ಡಿಸೆಂಬರ್ ಬರಬೇಕಾಯಿತು. ಪ್ರಶಸ್ತಿ ಕೊಟ್ಟದ್ದು ಸರ್ಕಾರವಲ್ಲ, ಸಮಿತಿ ಎಂದು ನಾರ್ವೆ ಎಷ್ಟು ಹೇಳಿದರೂ ಬೀಜಿಂಗ್ ಕೇಳಲಿಲ್ಲ.

2017ರ ಮೇ ತಿಂಗಳಲ್ಲಿ ಲಿವರ್ ಕ್ಯಾನ್ಸರ್ ಕೊನೆಯ ಹಂತದಲ್ಲಿದೆ ಎಂದು ಗೊತ್ತಾಯಿತು. ಹೊರಗಿನವರಿಗೆ ತಿಳಿದದ್ದು ಜೂನ್ ಕೊನೆಗೆ. ಶೆನ್ಯಾಂಗಿನ ಆಸ್ಪತ್ರೆಗೆ ಜರ್ಮನಿ ಮತ್ತು ಅಮೆರಿಕದ ವೈದ್ಯರು ಬಂದು ನೋಡಿ, ವಿದೇಶಕ್ಕೆ ಕರೆದೊಯ್ಯಬಹುದು ಎಂದರು. ಬಿಡಲಿಲ್ಲ. ಜುಲೈ 13ಕ್ಕೆ ತೀರಿಕೊಂಡರು, 61ನೇ ವಯಸ್ಸಿಗೆ. ಎರಡೇ ದಿನದಲ್ಲಿ ದಹನ ಮಾಡಿ ಬೂದಿಯನ್ನು ಸಮುದ್ರಕ್ಕೆ ಬಿಟ್ಟಾಗಿತ್ತು. ಸಮಾಧಿ ಅಂತ ಒಂದಿದ್ದರೆ ಜನ ಅಲ್ಲಿಗೆ ಬರುತ್ತಾರಲ್ಲ. ಚೀನಾದ ಸಾಮಾಜಿಕ ಜಾಲತಾಣ ವೈಬೊದಲ್ಲಿ ಮೊಂಬತ್ತಿಯ ಇಮೋಜಿಗೂ ತಡೆ ಬಿತ್ತು.

ಯಾರೂ ಕೇಳದ ಒಂದು ಪ್ರಶ್ನೆ ಇದೆ. ಅದನ್ನೂ ಹೇಳಿಬಿಡುತ್ತೇನೆ. ಅವರ ಹೆಂಡತಿ ಏನಾದರು?

ಲಿಯು ಶಿಯಾ ಕವಿ, ಚಿತ್ರಕಾರ್ತಿ, ಫೋಟೋಗ್ರಾಫರ್. ಗಂಡನ ಹೆಸರು ಇಟ್ಟುಕೊಂಡಿದ್ದಾರೆ ಅಂದುಕೊಳ್ಳಬೇಡಿ, ಚೀನಾದಲ್ಲಿ ಹೆಂಗಸರು ಮದುವೆಯಾದ ಮೇಲೂ ತವರಿನ ಹೆಸರೇ ಇಟ್ಟುಕೊಳ್ಳುತ್ತಾರೆ. ಇಬ್ಬರದೂ ಲಿಯು ಮನೆತನ, ಅಷ್ಟೇ. ಅವರ ಮದುವೆ ನಡೆದದ್ದೇ ಲಿಯು ದುಡಿಮೆ ಶಿಬಿರದಲ್ಲಿದ್ದಾಗ. ಗಂಡನನ್ನು ನೋಡಲು ತಿಂಗಳಿಗೊಮ್ಮೆ ಬೀಜಿಂಗಿನಿಂದ ದಾಲಿಯಾನಿಗೆ ರೈಲಿನಲ್ಲಿ ಹೋಗುತ್ತಿದ್ದರು. ರಾಜಕೀಯದಲ್ಲಿ ಆಸಕ್ತಿ ಇಲ್ಲದ ಹೆಂಗಸು. ನೊಬೆಲ್ ಘೋಷಣೆಯಾದ ಮೇಲೆ ಜೈಲಿಗೆ ಹೋಗಿ ಗಂಡನನ್ನು ಕಂಡರು. ಅವರು ಅತ್ತು, ಈ ಪ್ರಶಸ್ತಿ ಜೂನ್ 4ರಂದು ಸತ್ತವರಿಗೆ ಸೇರಿದ್ದು ಎಂದರಂತೆ. ವಾಪಸ್ ಬಂದ ಶಿಯಾ ಅವರ ಮನೆ ಬಾಗಿಲಿಗೆ ಕಾವಲು ಬಿತ್ತು. ಫೋನು ಇಲ್ಲ, ಇಂಟರ್‌ನೆಟ್ ಇಲ್ಲ, ಗೆಳೆಯರು ಬರುವಂತಿಲ್ಲ. ಒಂದು ಆರೋಪವಿಲ್ಲ, ವಿಚಾರಣೆಯಿಲ್ಲ, ಶಿಕ್ಷೆಯ ಅವಧಿಯೂ ಇಲ್ಲ. ಗಂಡನಿಗಾದರೂ 11 ವರ್ಷ ಅಂತ ಒಂದು ಸಂಖ್ಯೆ ಇತ್ತು.

ಇದು ಸುಮಾರು ಎಂಟು ವರ್ಷ ನಡೆಯಿತು. ಗಂಡ ಸತ್ತ ಮೇಲೂ ಒಂದು ವರ್ಷ. 2018ರ ಜುಲೈ 10ರಂದು ಕೊನೆಗೂ ಹೆಲ್ಸಿಂಕಿ ಮೂಲಕ ಬರ್ಲಿನ್‌ಗೆ ಹೋಗಲು ಬಿಟ್ಟರು. ವಿಮಾನ ನಿಲ್ದಾಣದಲ್ಲಿ ಕೈ ಚಾಚಿ ನಗುತ್ತಿರುವ ಅವರ ಫೋಟೋ ನೀವು ನೋಡಿರಬಹುದು. ಆದರೆ ತಮ್ಮ ಲಿಯು ಹುಯಿಯನ್ನು ಬಿಡಲಿಲ್ಲ. 2013ರಲ್ಲಿ ಆತನಿಗೆ ಜಮೀನು ವ್ಯವಹಾರದ ವಂಚನೆ ಎಂದು ಶಿಕ್ಷೆ ಕೊಟ್ಟಿದ್ದರು, ಅದೂ ಸರಿಯಾಗಿ 11 ವರ್ಷ. ಆರೋಗ್ಯದ ಕಾರಣಕ್ಕೆ ಜೈಲಿನಿಂದ ಹೊರಗಿದ್ದ ಆತ ಬೀಜಿಂಗಿನಲ್ಲೇ ಉಳಿಯಬೇಕಾಯಿತು. ಅಕ್ಕ ಬರ್ಲಿನ್ನಿನಲ್ಲಿ ಜಾಸ್ತಿ ಮಾತಾಡದಿರಲಿ ಅಂತ ಹೀಗೆ ಮಾಡಿದರು ಎಂದೇ ಅವರ ಗೆಳೆಯರೆಲ್ಲ ಅರ್ಥ ಮಾಡಿಕೊಂಡರು.